ಹೊಸ್ತಿಲಿನ ತನಕ ಅವರದು, ಒಳಗೆ ನಮ್ಮದು: ಒಂದೇ ನೆಟ್ ಕನೆಕ್ಷನ್ ಮನೆ ತುಂಬ ಹಂಚಿಕೊಳ್ಳುವ ಬಗೆ

ಗುಳೇದಗುಡ್ಡದಿಂದ ಅಕ್ಕ ಫೋನ್ ಮಾಡಿದ್ದಳು. “ತಮ್ಮಾ, ಮ್ಯಾಲಿನ ಖೋಲ್ಯಾಗ ನೆಟ್ ಬರವಲ್ದು. ಮಗ್ಗದ ಮನ್ಯಾಗಂತೂ ಒಂದು ಫೋಟೋ ಹೋಗಾಕ ಹತ್ತು ನಿಮಿಷ ಬೇಕು. ನಿಮ್ಮ ಮಾಮಾ ಇನ್ನೂ ದೊಡ್ಡ ಪ್ಲಾನ್ ಹಾಕ್ಸೂಣು ಅನ್ನಾಕತ್ತಾರ. ಹಾಕ್ಸಲೇನು?”

ಬೇಡ, ಮೊದಲು ಬಂದು ನೋಡ್ತೀನಿ ಅಂದೆ. ಭಾನುವಾರ ಬಾಗಲಕೋಟೆಯಿಂದ ಬಸ್ ಹತ್ತಿದೆ.

ಅಕ್ಕನ ಮನೆ ಹಳೆಯದು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ನಡುಮನೆ, ಅಡುಗೆಮನೆ, ಕೊನೆಗೆ ಮಗ್ಗದ ಮನೆ. ಗೋಡೆಗಳು ಕಲ್ಲು ಮಣ್ಣಿನವು, ಎರಡು ಅಡಿ ದಪ್ಪ. ಕೆಲವು ವರ್ಷದ ಹಿಂದೆ ಅಡುಗೆಮನೆಗೆ ಸ್ಲ್ಯಾಬ್ ಹಾಕಿಸಿ ಅದರ ಮೇಲೊಂದು ಕೋಣೆ ಕಟ್ಟಿಸಿದ್ದಾರೆ. ಅಲ್ಲಿ ಮಗಳು ನೀಟ್ ಪರೀಕ್ಷೆಗೆ ಓದುತ್ತಾಳೆ, ಮಗ ಬಿಸಿಎ ಮಾಡುತ್ತಾನೆ. ಮಾಮಾ, ಅಂದರೆ ಅಕ್ಕನ ಗಂಡ, ಮತ್ತು ಅವರ ತಮ್ಮ ಖಣ ನೇಯುತ್ತಾರೆ. ನೇಯ್ದ ಖಣದ ಫೋಟೋ ಮಗ್ಗದ ಮೇಲಿಂದಲೇ ವಾಟ್ಸಾಪ್‌ನಲ್ಲಿ ವ್ಯಾಪಾರಿಗಳಿಗೆ ಹೋಗಬೇಕು. ಒಟ್ಟು ಒಂಬತ್ತು ಮೊಬೈಲ್, ಒಂದು ಟಿವಿ, ಒಂದು ಲ್ಯಾಪ್‌ಟಾಪ್, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಕನೆಕ್ಷನ್ ಒಂದೇ, 150 ಎಂಬಿಪಿಎಸ್‌ನದು.

ನೆಟ್ ಪೆಟ್ಟಿಗೆ ಇದ್ದದ್ದು ಪಡಸಾಲೆ ಬಾಗಿಲಿನ ಮೇಲೆ, ಮೀಟರ್ ಬೋರ್ಡಿನ ಪಕ್ಕ. ಕಂಬದ ವೈರ್ ಒಳಗೆ ಬಂದದ್ದು ಅಲ್ಲಿ, ಹೀಗಾಗಿ ಅಲ್ಲೇ ಮೊಳೆ ಹೊಡೆದು ತೂಗು ಹಾಕಿದ್ದರು. ಅದರ ಕೆಳಗೆ ನಿಂತು ಮೊಬೈಲ್‌ನಲ್ಲಿ ಸ್ಪೀಡ್ ನೋಡಿದೆ: 142. ನಡುಮನೆಗೆ ಬಂದೆ: 38. ಮಗ್ಗದ ಮನೆಯಲ್ಲಿ 3. ಮೇಲಿನ ಕೋಣೆಯಲ್ಲಿ ವೈಫೈ ಗೆರೆ ಒಂದು ಕಾಣುತ್ತದೆ, ಪುಟ ಮಾತ್ರ ತೆರೆಯುವುದೇ ಇಲ್ಲ.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ನೆಟ್ ಮನೆಗೆ ಚೆನ್ನಾಗಿ ಬರುತ್ತಿದೆ. ಮನೆಯೊಳಗೆ ಹರಿಯುತ್ತಿಲ್ಲ. ಇವು ಎರಡು ಬೇರೆ ಬೇರೆ ಸಂಗತಿ. “ನೆಟ್ ಸ್ಲೋ” ಅಂತ ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತೇವಲ್ಲ, ತೊಂದರೆ ಶುರುವಾಗುವುದು ಅಲ್ಲೇ. 300 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದರೂ ಮಗ್ಗದ ಮನೆಯಲ್ಲಿ 3 ಇದ್ದದ್ದು 3 ಆಗಿಯೇ ಇರುತ್ತಿತ್ತು.

ಪೆಟ್ಟಿಗೆಯ ದೀಪಗಳು

ಕಂಬದಿಂದ ಬರುವ ತೆಳ್ಳನೆ ವೈರಿನೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಮನೆಗೆ ಬರುವ ಬೆಳಕು ಒಂದು ಬಗೆಯದು, ಮನೆಯಿಂದ ಹೋಗುವ ಬೆಳಕು ಇನ್ನೊಂದು ಬಗೆಯದು. ಬರುವುದು 1490 ನ್ಯಾನೋಮೀಟರ್, ಹೋಗುವುದು 1310. ಹಾಗಾಗಿ ಒಂದೇ ಎಳೆಯಲ್ಲಿ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯದೆ ಓಡಾಡುತ್ತವೆ. ಈ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಹಸಿರು ಮೂತಿಯ ಪಿನ್ ಕಿತ್ತು ಅದರೊಳಗೆ ಇಣುಕಿ ನೋಡಬೇಡಿ, ಮಕ್ಕಳಿಗೂ ಹೇಳಿ. ಎಳೆಯನ್ನು ಚೂಪಾಗಿ ಮಡಚಲೂಬಾರದು. ಮಡಚಿದ ಕಡೆ ಬೆಳಕು ಸೋರಿಹೋಗುತ್ತದೆ.

ಊರಿನ ಕಡೆಯಿಂದ ಬರುವ ಒಂದು ಎಳೆ ದಾರಿಯಲ್ಲಿ ಕವಲೊಡೆದು 32 ಅಥವಾ 64 ಮನೆಗೆ ಹೋಗುವುದು ಸಾಮಾನ್ಯ. ಮನೆಗಳಲ್ಲಿ ಹೆಚ್ಚಾಗಿ ಇರುವ ಜಿಪಾನ್ ಅನ್ನುವ ಪದ್ಧತಿಯಲ್ಲಿ ಆ ಒಂದು ಎಳೆಯ ಒಟ್ಟು ಶಕ್ತಿ ಸುಮಾರು 2.5 ಜಿಬಿಪಿಎಸ್, ಅಂದರೆ 2500 ಎಂಬಿಪಿಎಸ್. ಅದನ್ನೇ ಅಷ್ಟೂ ಮನೆಯವರು ಹಂಚಿಕೊಳ್ಳುತ್ತಾರೆ. ರಾತ್ರಿ ಒಂಬತ್ತಕ್ಕೆ ಎಲ್ಲರ ಮನೆಯಲ್ಲೂ ಟಿವಿ ಓಡುವಾಗ ಸ್ವಲ್ಪ ನಿಧಾನ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಪೆಟ್ಟಿಗೆಯ ಮೇಲೆ ಸಾಲಾಗಿ ದೀಪಗಳಿವೆ. ಅದರಲ್ಲಿ ಎರಡನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ಪಾನ್ ಅನ್ನುವ ದೀಪ ಹಸಿರಾಗಿ ಸ್ಥಿರವಾಗಿರಬೇಕು. ಎಲ್‌ಒಎಸ್ ಅನ್ನುವ ದೀಪ ಆರಿರಬೇಕು. ಎಲ್‌ಒಎಸ್ ಕೆಂಪಗೆ ಹತ್ತಿದರೆ ಅಥವಾ ಮಿಣುಕಿದರೆ ಬೆಳಕೇ ಬರುತ್ತಿಲ್ಲ ಎಂದು ಅರ್ಥ. ಎಲ್ಲೋ ವೈರ್ ತುಂಡಾಗಿದೆ, ಇಲ್ಲಾ ಪಿನ್ ಸಡಿಲಾಗಿದೆ. ಆಗ ಮೊಬೈಲ್ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗುವುದಿಲ್ಲ, ಕನೆಕ್ಷನ್ ಕೊಟ್ಟವರಿಗೇ ಫೋನ್ ಮಾಡಬೇಕು. ಪಾನ್ ಹಸಿರು ಇದ್ದು, ಪೆಟ್ಟಿಗೆ ಪಕ್ಕದಲ್ಲಿ ನೆಟ್ ಚೆನ್ನಾಗಿದ್ದು, ಒಳಕೋಣೆಯಲ್ಲಿ ಮಾತ್ರ ಬರದಿದ್ದರೆ ಅದು ನಮ್ಮ ಮನೆಯ ಕೆಲಸ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಎಷ್ಟೋ ವ್ಯರ್ಥ ಜಗಳ ತಪ್ಪುತ್ತದೆ.

ಒಂದೇ ಬಾಗಿಲು, ಒಳಗೆ ಹದಿಮೂರು ಮಂದಿ

“ಒಂದು ಕನೆಕ್ಷನ್ನು ಇಷ್ಟು ಮಂದಿಗೆ ಹೆಂಗ್ ಹೋಗ್ತೈತಿ ಮಾಮಾ?” ಅಂತ ಸೊಸೆ, ಅಕ್ಕನ ಮಗಳು, ನನ್ನನ್ನು ಕೇಳಿದಳು. ಒಳ್ಳೆಯ ಪ್ರಶ್ನೆ.

ನಮ್ಮ ಕಡೆಯ ಕೂಡು ಕುಟುಂಬದ ಒಂದು ವಾಡೆ ಕಣ್ಣ ಮುಂದೆ ತಂದುಕೊಳ್ಳಿ. ಒಳಗೆ ಐದಾರು ಸಂಸಾರ, ಬೀದಿಗೆ ಒಂದೇ ಬಾಗಿಲು, ಒಂದೇ ಮನೆ ನಂಬರ್. ಒಳಗಿನವರ ಕಾಗದವೆಲ್ಲ ಬಾಗಿಲಲ್ಲಿ ಕೂತ ಅಜ್ಜಿಯ ಕೈ ದಾಟಿಯೇ ಹೋಗಬೇಕು. ಯಾರು, ಯಾವ ಊರಿಗೆ ಬರೆದರು ಎಂದು ಅಜ್ಜಿ ನೆನಪಿಟ್ಟುಕೊಳ್ಳುತ್ತಾಳೆ. ಹೊರಗೆ ಹೋಗುವಾಗ ಕಾಗದದ ಮೇಲೆ ವಾಡೆಯ ನಂಬರ್ ಮಾತ್ರ ಇರುತ್ತದೆ. ಉತ್ತರ ಬಂದಾಗ, “ಇದು ನಡುವಣ ಸೊಸೆ ತವರಿಗೆ ಬರೆದದ್ದರ ಉತ್ತರ” ಎಂದು ಗುರುತಿಸಿ ಒಳಗೆ ಕಳಿಸುತ್ತಾಳೆ.

ನೆಟ್ ಪೆಟ್ಟಿಗೆಯೊಳಗಿನ ರೂಟರ್ ಮಾಡುವುದು ಇದೇ ಕೆಲಸ. ಹೊರಗಿನ ಲೋಕಕ್ಕೆ ನಿಮ್ಮ ಮನೆಗೆಲ್ಲ ಸೇರಿ ಒಂದೇ ವಿಳಾಸ. ಒಳಗೆ ಪ್ರತಿಯೊಂದು ಮೊಬೈಲ್‌ಗೂ ಬೇರೆ ಬೇರೆ ಒಳವಿಳಾಸ: 192.168.1.5, 192.168.1.6, ಹೀಗೆ. ನಿಮ್ಮ ಮನೆಯ 192.168.1.5 ಮತ್ತು ಪಕ್ಕದ ಮನೆಯ 192.168.1.5 ಎರಡೂ ಇದ್ದರೆ ಏನೂ ತೊಂದರೆ ಇಲ್ಲ. ಎರಡು ವಾಡೆಯಲ್ಲೂ ಒಬ್ಬೊಬ್ಬ ಬಸವರಾಜ ಇದ್ದ ಹಾಗೆ, ಅಷ್ಟೇ. ಮನೆಯೊಳಗೆ ಬಳಸಲಿ ಅಂತಲೇ ಈ ವಿಳಾಸಗಳನ್ನು 1996ರಲ್ಲಿ ತೆಗೆದಿಟ್ಟಿದ್ದಾರೆ.

ಯಾಕೆ ಬೇಕಿತ್ತು ಇದು? ಹಳೆಯ ಪದ್ಧತಿಯಲ್ಲಿ, ಅಂದರೆ ಐಪಿ ವಿ4ನಲ್ಲಿ, ಜಗತ್ತಿಗೆಲ್ಲ ಸೇರಿ ಇರುವುದು ಸುಮಾರು 430 ಕೋಟಿ ವಿಳಾಸ. ಒಂದೊಂದು ಮೊಬೈಲ್‌ಗೆ ಒಂದೊಂದು ಕೊಡುತ್ತಾ ಹೋದರೆ ಸಾಲುವುದಿಲ್ಲ. ಕೇಂದ್ರ ದಾಸ್ತಾನಿನಲ್ಲಿದ್ದ ವಿಳಾಸಗಳು 2011ರ ಫೆಬ್ರವರಿಯಲ್ಲೇ ಖಾಲಿಯಾದವು. ಈಗ ಎಷ್ಟೋ ಕಂಪನಿಗಳು ನಿಮ್ಮ ಮನೆಯನ್ನೂ ಬೇರೆ ನೂರಾರು ಮನೆಗಳನ್ನೂ ಸೇರಿಸಿ ಒಂದೇ ಹೊರವಿಳಾಸದ ಹಿಂದೆ ಇಡುತ್ತವೆ. ವಾಡೆಗಳೆಲ್ಲ ಸೇರಿ ಓಣಿಗೊಬ್ಬ ಅಜ್ಜಿ ಇದ್ದ ಹಾಗೆ. ಅದರಿಂದ ದಿನದ ಬಳಕೆಗೆ ಏನೂ ಆಗುವುದಿಲ್ಲ. ಆದರೆ ಹೊರಗಿನಿಂದ ನೇರವಾಗಿ ನಿಮ್ಮ ಮನೆಯ ಸಿಸಿ ಕ್ಯಾಮೆರಾ ಪೆಟ್ಟಿಗೆಗೆ ಬರುತ್ತೇನೆ ಅಂದರೆ ದಾರಿ ಸಿಗುವುದಿಲ್ಲ. ಆ್ಯಪ್‌ನಲ್ಲಿ ನೋಡುವ ಕ್ಯಾಮೆರಾಗಳು ನಡೆಯುತ್ತವೆ, ಯಾಕೆಂದರೆ ಅವು ಒಳಗಿನಿಂದ ತಾವೇ ಹೊರಗೆ ಮಾತು ಶುರು ಮಾಡುತ್ತವೆ.

ಇನ್ನೊಂದು ಮಾತು. ಒಳವಿಳಾಸ ಹಂಚುವುದೂ ರೂಟರ್‌ನದೇ ಕೆಲಸ. ಅದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಮೊಬೈಲ್ ವೈಫೈಗೆ ಸೇರಿದ ಕ್ಷಣ “ನನಗೊಂದು ನಂಬರ್ ಕೊಡಿ” ಅನ್ನುತ್ತದೆ. ರೂಟರ್ ನಂಬರ್ ಕೊಟ್ಟು, “ಹೊರಗೆ ಹೋಗಬೇಕಿದ್ದರೆ ನನ್ನ ಮೂಲಕ ಹೋಗು” ಎಂದೂ ಹೇಳುತ್ತದೆ. ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಅಕ್ಕನ ಮನೆಯಲ್ಲಿ ಎಡವಟ್ಟು ಆಗಿದ್ದು ಇಲ್ಲೇ.

ಅಳಿಯ, ಅಕ್ಕನ ಮಗ, ತಿಂಗಳ ಹಿಂದೆ ಯಾರದೋ ಮನೆಯ ಹಳೆಯ ರೂಟರ್ ತಂದು ನಡುಮನೆಯಲ್ಲಿ ಇಟ್ಟು, ಪೆಟ್ಟಿಗೆಯಿಂದ ಒಂದು ವೈರ್ ಎಳೆದು ಜೋಡಿಸಿದ್ದ. ಆವತ್ತಿನಿಂದ ಕೆಲವು ಮೊಬೈಲ್‌ಗೆ ನೆಟ್ ಬರುತ್ತಿತ್ತು, ಕೆಲವಕ್ಕೆ ಇಲ್ಲ. ಇವತ್ತು ಬಂದದ್ದಕ್ಕೆ ನಾಳೆ ಇಲ್ಲ. ಬೇಸತ್ತು ಅದನ್ನು ಕಿತ್ತು ಅಟ್ಟದ ಮೇಲೆ ಹಾಕಿದ್ದ. ಏನಾಗಿತ್ತು ಅಂದರೆ, ಮನೆಯಲ್ಲಿ ನಂಬರ್ ಹಂಚುವವರು ಇಬ್ಬರಾಗಿದ್ದರು. ಹಳೆಯ ರೂಟರ್ ಕೈಯಿಂದ ನಂಬರ್ ಪಡೆದ ಮೊಬೈಲ್‌ಗೆ ಅದು “ನನ್ನ ಮೂಲಕ ಹೊರಗೆ ಹೋಗು” ಅನ್ನುತ್ತಿತ್ತು. ಅದಕ್ಕೇ ಹೊರಗೆ ಹೋಗುವ ದಾರಿ ಇಲ್ಲ! ಇಬ್ಬರು ಅಜ್ಜಿಯರು ಕೂತಿದ್ದಾರೆ, ಒಬ್ಬಳು ಬೀದಿಬಾಗಿಲಲ್ಲಿ, ಇನ್ನೊಬ್ಬಳು ನೆಲದೊಳಗೆ ಕಾಳು ತುಂಬುವ ಹಗೇವಿನ ಬಾಯಲ್ಲಿ. ರೂಟರ್ ಕೆಟ್ಟಿರಲಿಲ್ಲ. ಅದನ್ನೇ ಅಟ್ಟದಿಂದ ಇಳಿಸಿದೆವು.

ಎಷ್ಟು ಸ್ಪೀಡ್ ಬೇಕು?

ಮಾಮಾ ಪ್ಲಾನಿನ ಲೆಕ್ಕ ಕೇಳಿದರು. ಲೆಕ್ಕ ಸಣ್ಣದು. ಒಂದು ವಿಡಿಯೋ ಕ್ಲಾಸಿಗೆ 3–4 ಎಂಬಿಪಿಎಸ್ ಸಾಕು. ಟಿವಿಯಲ್ಲಿ ಒಳ್ಳೆಯ ಎಚ್‌ಡಿ ಸಿನಿಮಾಕ್ಕೆ 5, 4ಕೆ ಆದರೆ 15. ಇಡೀ ಮನೆ ಏಕಕಾಲಕ್ಕೆ ನೋಡುತ್ತಾ ಕೂತರೂ 60 ದಾಟುವುದು ಕಷ್ಟ. 150 ಎಂಬಿಪಿಎಸ್ ಇವರಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು.

ಎಂಬಿಪಿಎಸ್ ಅನ್ನುವುದನ್ನು ಎಂಬಿ ಎಂದು ತಿಳಿದು ಮೋಸ ಹೋದೆವು ಅನ್ನುವವರು ಬಹಳ. ಪ್ಲಾನಿನಲ್ಲಿ ಹೇಳುವುದು ಬಿಟ್‌ಗಳ ಲೆಕ್ಕ, ಫೈಲಿಗೆ ಹೇಳುವುದು ಬೈಟ್‌ಗಳ ಲೆಕ್ಕ. ಎಂಟು ಬಿಟ್ ಸೇರಿ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. ಯಾರೂ ಮೋಸ ಮಾಡಿಲ್ಲ, ಅಳತೆಯ ಸೇರು ಬೇರೆ.

ವೈಫೈ ಮತ್ತು ಎರಡು ಅಡಿ ಗೋಡೆ

ವೈಫೈ ಅಂದರೆ ರೇಡಿಯೋ ಅಲೆ. ಮನೆಯಲ್ಲಿ ಸಾಮಾನ್ಯವಾಗಿ ಎರಡು ಬಗೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, ಎರಡನೆಯದರದು 6. ಉದ್ದ ಅಲೆ ಗೋಡೆ ದಾಟುವುದರಲ್ಲಿ ಗಟ್ಟಿ, ಆದರೆ ಸ್ಪೀಡ್ ಕಡಿಮೆ. ಗಿಡ್ಡ ಅಲೆಯಲ್ಲಿ ನೆಟ್ ಸ್ಪೀಡ್ ಜಾಸ್ತಿ, ಆದರೆ ಅದು ಗೋಡೆ ಕಂಡರೆ ಸೋಲುತ್ತದೆ. ಒಂದು ಕೋಣೆಯೊಳಗಾದರೆ 5, ಗೋಡೆಯಾಚೆಗಾದರೆ 2.4 ಎಂದಿಟ್ಟುಕೊಳ್ಳಿ.

ಈಗಿನ ಇಟ್ಟಿಗೆ ಗೋಡೆ ಅರ್ಧ ಅಡಿ ಇಲ್ಲಾ ಮುಕ್ಕಾಲು ಅಡಿ. ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ಹಳೆಯ ಮನೆಗಳ ಗೋಡೆ ಅದರ ಮೂರು ಪಟ್ಟು. ಬೇಸಿಗೆಯಲ್ಲಿ ಒಳಗೆ ತಂಪಾಗಿರುವುದು ಈ ಗೋಡೆಯಿಂದಲೇ. ಬಿಸಿಲನ್ನು ತಡೆಯುವ ಗೋಡೆ ವೈಫೈಯನ್ನೂ ತಡೆಯುತ್ತದೆ. ಅದರ ಮೇಲೆ ತಗಡಿನ ಕಪಾಟು, ತಿಜೋರಿ, ನೀರಿನ ಟಾಕಿ, ದೊಡ್ಡ ಕನ್ನಡಿ. ತಗಡು ಅಲೆಯನ್ನು ದಾಟಲು ಬಿಡುವುದೇ ಇಲ್ಲ, ವಾಪಸ್ ಹೊಡೆಯುತ್ತದೆ. ನೀರು ಹೀರಿಕೊಳ್ಳುತ್ತದೆ.

ಮೊಬೈಲ್‌ನಲ್ಲಿ ವೈಫೈ ಬಲ ತೋರಿಸುವ ಆ್ಯಪ್‌ಗಳು ಬಿಟ್ಟಿಯಾಗಿ ಸಿಗುತ್ತವೆ. ಬಲವನ್ನು ಮೈನಸ್ ಲೆಕ್ಕದಲ್ಲಿ ಹೇಳುತ್ತವೆ. ಮೈನಸ್ 50ರ ಹತ್ತಿರ ಇದ್ದರೆ ತುಂಬಾ ಚೆನ್ನ. 67ರ ತನಕ ವಿಡಿಯೋಗೆ ಅಡ್ಡಿ ಇಲ್ಲ. 80 ದಾಟಿತೆಂದರೆ ಹೆಸರಿಗೆ ಮಾತ್ರ ವೈಫೈ. ಪ್ರತಿ ಹತ್ತು ಅಂಕಿಗೆ ಬಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಹಾಗಾಗಿ 60ಕ್ಕೂ 80ಕ್ಕೂ ನೂರು ಪಟ್ಟು ವ್ಯತ್ಯಾಸ. ಮಗ್ಗದ ಮನೆಯಲ್ಲಿ 84 ತೋರಿಸಿತು.

ನಿಮ್ಮದು ಎರಡು ಮೂರು ಕೋಣೆಯ ಮನೆಯಾದರೆ ಪೆಟ್ಟಿಗೆಯನ್ನು ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ಬಯಲಾಗಿ ಇಟ್ಟರೆ ಸಾಕು, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಟಿವಿಯ ಹಿಂದೆ, ಕಪಾಟಿನೊಳಗೆ, ಮೀಟರ್ ಬೋರ್ಡಿನ ಪಕ್ಕ ಬೇಡ. ಮೊದಲ ದಿನ ವೈರ್ ಎಳೆಯಲು ಬಂದ ಹುಡುಗನಿಗೆ “ನಡುಮನೆ ತನಕ ತಾ” ಅಂದರೆ ಆಯಿತು, ತರುತ್ತಾನೆ. ಕೇಳುವುದು ನಮಗೆ ಹೊಳೆಯುವುದಿಲ್ಲ.

ಇನ್ನು ಚಾನೆಲ್, ಅಂದರೆ ವೈಫೈ ಅಲೆ ಓಡಾಡಲು ಹಂಚಿಟ್ಟ ಒಂದೊಂದು ದಾರಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಗೋಲಗುಮ್ಮಟದ ಮೇಲಿನ ಸುತ್ತಿನಲ್ಲಿ ಶಾಲೆಯ ಮಕ್ಕಳು ತುಂಬಿಕೊಂಡಾಗ ನಿಂತಿದ್ದೀರಾ? ಒಬ್ಬರೇ ಪಿಸುಗುಟ್ಟಿದರೆ ಆ ಕಡೆಗೆ ಕೇಳುತ್ತದೆ. ಎಲ್ಲರೂ ಕೂಗಿದರೆ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಒತ್ತೊತ್ತಾದ ಓಣಿಯಲ್ಲಿ ಹತ್ತು ಮನೆಯ ವೈಫೈ ಒಂದೇ ಚಾನೆಲ್‌ನಲ್ಲಿದ್ದರೆ ಹಾಗೇ. ಆ್ಯಪ್‌ನಲ್ಲಿ ನೋಡಿ, ಜನ ಕಡಿಮೆ ಇರುವ ಚಾನೆಲ್‌ಗೆ ಹೋಗಿ.

ಮಾಮಾನಿಗೆ ತಿಳಿಸಿ ಹೇಳಲು ಮಗ್ಗವೇ ಎದುರಿಗಿತ್ತು. ಮಗ್ಗದಲ್ಲಿ ಹಾಸಿನ ನಡುವೆ ಲಾಳಿ ಒಂದು ಸಲಕ್ಕೆ ಒಂದೇ ಕಡೆ ಓಡುತ್ತದೆ, ಅಲ್ವಾ? ಎಡದಿಂದ ಬಲಕ್ಕೆ ಹೋಗಿ ಮುಟ್ಟಿದ ಮೇಲೆಯೇ ಬಲದಿಂದ ಎಡಕ್ಕೆ. ವೈಫೈಯೂ ಹೀಗೇ. ಒಂದು ಚಾನೆಲ್‌ನಲ್ಲಿ ಒಂದು ಕ್ಷಣಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಹತ್ತಿರದ ಮೊಬೈಲ್ ತನ್ನ ಮಾತನ್ನು ಚಕ್ಕನೆ ಮುಗಿಸುತ್ತದೆ. ದೂರದ ಮೊಬೈಲ್‌ಗೆ ಬಲ ಇಲ್ಲ, ಅದೇ ಮಾತನ್ನು ನಿಧಾನಕ್ಕೆ, ಹೇಳಿದ್ದೇ ಹೇಳುತ್ತದೆ. ಅಷ್ಟು ಹೊತ್ತೂ ಮನೆಯವರೆಲ್ಲ ಕಾಯುತ್ತಾರೆ. ಮಗ್ಗದ ಮನೆಯಿಂದ ಒಂದು ಫೋಟೋ ಹೊರಟಾಗ ಪಡಸಾಲೆಯ ಟಿವಿ ತಡವರಿಸುತ್ತಿದ್ದುದು ಯಾಕೆ ಅನ್ನುವುದು ಮಾಮಾನಿಗೆ ಆಗ ತಿಳಿಯಿತು.

ಅಂಗಡಿಯಲ್ಲಿ ಗೋಡೆಯ ಪ್ಲಗ್ಗಿಗೆ ಸಿಗಿಸುವ ರಿಪೀಟರ್ ಸಿಗುತ್ತದೆ. ಕೊಳ್ಳುವ ಮೊದಲು ಇದೇ ಲಾಳಿಯ ಲೆಕ್ಕ ಹಾಕಿ. ಒಂದೇ ಚಾನೆಲ್‌ನಲ್ಲಿ ಕೇಳಿಸಿಕೊಂಡು, ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವ ರಿಪೀಟರ್‌ನಿಂದ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಬಲ ಇಲ್ಲದ ಕಡೆ ಇಟ್ಟರೆ ಬಲ ಇಲ್ಲದ್ದನ್ನೇ ಹಂಚುತ್ತದೆ. ಮನೆಯಲ್ಲಿ ಅಲ್ಲಲ್ಲಿ ಇಟ್ಟು ಒಂದಕ್ಕೊಂದು ಜೋಡಿಸುವ ಮೆಶ್ ಪೆಟ್ಟಿಗೆಗಳು ಇದಕ್ಕಿಂತ ಎಷ್ಟೋ ಮೇಲು, ಆದರೆ ವೈರ್ ಇಲ್ಲದೆ ಮಾತಾಡಬೇಕಾದರೆ ಅವಕ್ಕೂ ಅದೇ ಎರಡು ಅಡಿ ಗೋಡೆ ಅಡ್ಡ ಬರುತ್ತದೆ. ನಮ್ಮ ಹಳೆಯ ಮನೆಗಳಿಗೆ ನನ್ನ ಸಲಹೆ ಒಂದೇ: ಗೋಡೆ ದಾಟುವ ಕೆಲಸ ವೈರಿಗೆ ಕೊಡಿ, ಕೋಣೆ ತುಂಬುವ ಕೆಲಸ ವೈಫೈಗೆ ಕೊಡಿ.

ಎಂಟು ಎಳೆಗಳು

ಪಡಸಾಲೆಯಿಂದ ಮೇಲಿನ ಕೋಣೆಗೆ 22 ಮೀಟರ್, ಮಗ್ಗದ ಮನೆಗೆ 17 ಮೀಟರ್ ಬೇಕಾಯಿತು. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ವೈರ್ ತಂದೆವು. ಪೂರ್ತಿ ಪೆಟ್ಟಿಗೆ ಕೊಂಡರೆ 305 ಮೀಟರ್ ಬರುತ್ತದೆ. ಬಿಡಿಯಾಗಿ ಮೀಟರ್ ಲೆಕ್ಕದಲ್ಲೂ ಕೊಡುತ್ತಾರೆ, ಅದನ್ನೇ ಕೊಳ್ಳಿ. ಒಂದು ಎಚ್ಚರಿಕೆ: ಪೂರ್ತಿ ತಾಮ್ರದ್ದು ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ. ಅದರ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬೇಗ ಮುರಿಯುತ್ತದೆ, ದೂರಕ್ಕೆ ಸೋಲುತ್ತದೆ.

ತಾಮ್ರದ ಕ್ಯಾಟ್ 6 ವೈರಿನಲ್ಲಿ 100 ಮೀಟರ್ ತನಕ 1 ಜಿಬಿಪಿಎಸ್ ಸಲೀಸಾಗಿ ಹೋಗುತ್ತದೆ. ಮನೆಗೆ ಬೇಕಾದ್ದಕ್ಕಿಂತ ಹೆಚ್ಚೇ.

ದಾರಿ ಹುಡುಕುವುದೇ ದೊಡ್ಡ ಕೆಲಸ. ಎರಡು ಅಡಿ ಕಲ್ಲುಗೋಡೆಗೆ ತೂತು ಕೊರೆಯುವುದು ಸುಲಭವಲ್ಲ, ಮಣ್ಣು ಉದುರುತ್ತದೆ ಎಂದು ಅಕ್ಕನ ಅತ್ತೆ ಮೊದಲೇ ಬೇಡ ಅಂದರು. ಅವರೇ ದಾರಿಯನ್ನೂ ತೋರಿಸಿದರು: ನಡುಮನೆಯ ಬೆಳಕಿಂಡಿ. ಪಡಸಾಲೆಯಿಂದ ತೊಲೆಯ ಪಕ್ಕದಲ್ಲಿ ವೈರ್ ತಂದು, ಬೆಳಕಿಂಡಿಯಿಂದ ಮಾಳಿಗೆಗೆ ಏರಿಸಿ, ಅಲ್ಲಿಂದ ಪಿವಿಸಿ ಪೈಪಿನೊಳಗೆ ಒಂದನ್ನು ಮೇಲಿನ ಕೋಣೆಗೆ, ಇನ್ನೊಂದನ್ನು ಮಗ್ಗದ ಮನೆಗೆ ಇಳಿಸಿದೆವು. ಪೈಪ್ ಬೇಕೇ ಬೇಕು, ನಮ್ಮ ಬಿಸಿಲಿಗೆ ಬರೀ ವೈರ್ ಬಿಟ್ಟರೆ ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ. ಪೈಪಿನ ಬಾಯಿ ಕೆಳಮುಖ ಇರಲಿ, ಮಳೆನೀರು ಒಳಗೆ ಇಳಿಯುವುದಿಲ್ಲ. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ, ಒಂದು ಗೇಣಾದರೂ ದೂರ ಇರಲಿ. ಗುಡುಗು ಮಿಂಚು ಶುರುವಾಗುವ ಮೊದಲೇ ಈ ವೈರುಗಳನ್ನು ಎರಡೂ ಕಡೆ ಕಿತ್ತಿಡುವುದು ಒಳ್ಳೆಯದು. ಮಾಳಿಗೆ ಮೇಲೆ ಹಾಯುವ ತಾಮ್ರ ಅದು.

ತುದಿಗೆ ಪಿನ್ ಹಾಕುವುದನ್ನು ಅಳಿಯನಿಗೆ ಕಲಿಸಿದೆ. ಮೇಲಿನ ಸಿಪ್ಪೆ ಒಂದು ಇಂಚು ಬಿಡಿಸಿದರೆ ಒಳಗೆ ಎಂಟು ಎಳೆ, ಎರಡೆರಡು ಹೊಸೆದುಕೊಂಡಿರುತ್ತವೆ. ಹೊಸೆತ ಸುಮ್ನೆ ಇರುವುದಲ್ಲ. ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ತಾಗಿ ಕೊನೆಗೆ ಒಂದರಿಂದ ಇನ್ನೊಂದು ವಜಾ ಆಗಲಿ ಅಂತ. ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಬಿಚ್ಚಬಾರದು. ಬಿಚ್ಚಿ, ನೇರ ಮಾಡಿ, ಈ ಸಾಲಿನಲ್ಲಿ ಇಡಬೇಕು: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪಿನ್ನಿನ ಕೊಂಡಿ ಕೆಳಗಿರಬೇಕು, ಬಂಗಾರದ ಬಣ್ಣದ ಹಲ್ಲು ಮೇಲಿರಬೇಕು. ತುದಿ ಸಮನಾಗಿ ಕತ್ತರಿಸಿ, ಒಳಗೆ ತಳ ಮುಟ್ಟುವ ತನಕ ತಳ್ಳಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು. ಎರಡೂ ತುದಿಗೆ ಇದೇ ಸಾಲು. ಹಣಿಗೆಯಲ್ಲಿ ಎಳೆ ಕೆಚ್ಚಿ ಬೆಳೆದ ಮನೆಯ ಹುಡುಗ, ಮೊದಲ ಸಲಕ್ಕೇ ಬಣ್ಣ ತಪ್ಪಲಿಲ್ಲ.

ಮೇಲಿನ ಕೋಣೆಯ ಕಂಪ್ಯೂಟರ್‌ಗೆ ವೈರ್ ಸಿಗಿಸಿ ನೋಡಿದೆವು. ಸ್ಪೀಡ್ 94. ಮತ್ತೆ ನೋಡಿದೆವು, 94. ಮೂರನೇ ಸಲವೂ 94.

ಎಲ್ಲರಿಗೂ ಖುಷಿ, ಏನೂ ಬರದ ಕಡೆ 94 ಬಂದಿದೆ. ಆದರೆ ಆ ಅಂಕಿ ನೋಡಿದ ಕೂಡಲೇ ಏನೋ ತಪ್ಪಿದೆ ಎಂದು ತಿಳಿಯಿತು. 1 ಜಿಬಿಪಿಎಸ್ ಓಡಲು ಎಂಟೂ ಎಳೆ ಬೇಕು. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಕಂದು ಇಲ್ಲಾ ನೀಲಿ ಜೋಡಿಯಲ್ಲಿ ಒಂದು ಎಳೆ ಸರಿಯಾಗಿ ಕೂಡದಿದ್ದರೆ ಎರಡೂ ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಅದರಲ್ಲಿ ವಿಳಾಸ, ಸುತ್ತುಕಾಗದ ಅಂತ ಕಳೆದು ನಮಗೆ ಸಿಗುವುದು 94ರ ಆಸುಪಾಸು. ನಿಮ್ಮ ಪ್ಲಾನ್ 150 ಅಥವಾ 200 ಇದ್ದು ಯಾವಾಗಲೂ 94ಕ್ಕೇ ನಿಂತರೆ, ಕಂಪನಿಗೆ ಫೋನ್ ಮಾಡುವ ಮೊದಲು ವೈರಿನ ತುದಿ ನೋಡಿ. ಕೆಲವು ಪೆಟ್ಟಿಗೆಗಳಲ್ಲಿ ಒಂದು ತೂತು ಮಾತ್ರ ಗಿಗಾಬಿಟ್‌ನದು, ಉಳಿದವು 100ರವು. ಅದನ್ನೂ ನೋಡಿ. ಇಲ್ಲಿ ಕೊನೆಯ ಕಂದು ಎಳೆ ತಳ ಮುಟ್ಟಿರಲಿಲ್ಲ. ತುದಿ ಕತ್ತರಿಸಿ ಹೊಸ ಪಿನ್ ಹಾಕಿದ ಮೇಲೆ 147 ಬಂತು.

ಈಗ ಅಟ್ಟದ ಹಳೆಯ ರೂಟರ್. ಅದನ್ನು ಮೇಲಿನ ಕೋಣೆಯಲ್ಲಿ ವೈಫೈ ಬೀರುವ ಯಂತ್ರವಾಗಿ ಮಾತ್ರ ಬಳಸಬೇಕು, ಅಜ್ಜಿಯಾಗಿ ಅಲ್ಲ. ಮೊದಲು ಅದೊಂದನ್ನೇ ಕಂಪ್ಯೂಟರ್‌ಗೆ ಜೋಡಿಸಿ ಅದರ ಸೆಟ್ಟಿಂಗ್ ತೆರೆದೆವು. ಅದರ ವಿಳಾಸವನ್ನು 192.168.1.2 ಮಾಡಿದೆವು, ಮುಂದಿನ ಪೆಟ್ಟಿಗೆ 192.168.1.1 ಆಗಿತ್ತಲ್ಲ, ಎರಡೂ ಒಂದೇ ಆಗಬಾರದು. ಡಿಎಚ್‌ಸಿಪಿ ಬಂದ್ ಮಾಡಿದೆವು. ಕೆಳಗಿನಿಂದ ಬಂದ ವೈರನ್ನು ಹೊರಗಿನ ನೆಟ್ ಬರಲಿ ಅಂತ ಇರುವ, ವ್ಯಾನ್ ಎಂದು ಬರೆದ ತೂತಿಗಲ್ಲ, ಮನೆಯೊಳಗಿನ ಯಂತ್ರಗಳಿಗಾಗಿ ಇರುವ ಲ್ಯಾನ್ ತೂತಿಗೆ ಸಿಗಿಸಿದೆವು. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದನ್ನೇ ಇಟ್ಟು ಚಾನೆಲ್ ಮಾತ್ರ ಬೇರೆ ಕೊಟ್ಟೆವು: ಕೆಳಗೆ 1, ಮೇಲೆ 6. ಮಗ್ಗದ ಮನೆಗೆ ವೈಫೈ ಬೀರುವ ಕೆಲಸವೊಂದನ್ನೇ ಮಾಡುವ ಒಂದು ಸಣ್ಣ ಆ್ಯಕ್ಸೆಸ್ ಪಾಯಿಂಟ್ ಕೊಂಡೆವು, ಅದಕ್ಕೆ 11. ಹೆಸರು ಒಂದೇ ಇರುವುದರಿಂದ ಮೊಬೈಲ್ ಹಿಡಿದು ಓಡಾಡಿದರೆ ಅದು ಹತ್ತಿರದ್ದನ್ನು ತಾನೇ ಹಿಡಿಯುತ್ತದೆ. ಕೆಲವು ಮೊಬೈಲ್ ಹಳೆಯದನ್ನೇ ಅಂಟಿಕೊಂಡಿರುತ್ತವೆ, ಆಗ ಒಮ್ಮೆ ವೈಫೈ ಆರಿಸಿ ಹಚ್ಚಿ.

ಮಗ್ಗದ ಮನೆಯಲ್ಲಿ ಈಗ 90ರ ಮೇಲೆ ಬರುತ್ತದೆ. ಮಾಮಾ ಮಗ್ಗದ ಮೇಲಿದ್ದ ಖಣದ ಫೋಟೋ ಒಂದನ್ನು ಕಳಿಸಿ, ಎರಡು ನೀಲಿ ಗೆರೆ ಬರುವ ತನಕ ನೋಡುತ್ತಾ ನಿಂತರು.

ಬೀಗ, ಕರೆಂಟು

ಪೆಟ್ಟಿಗೆಯ ಒಳಸೆಟ್ಟಿಂಗಿಗೆ ಕಂಪನಿಯಿಂದ ಬಂದ ಪಾಸ್‌ವರ್ಡ್ ಹಾಗೇ ಇತ್ತು, ಬದಲಾಯಿಸಿದೆವು. ವೈಫೈ ಪಾಸ್‌ವರ್ಡ್ ಮೊಬೈಲ್ ನಂಬರ್ ಆಗಿತ್ತು. ಅದು ಬೀಗವೇ ಅಲ್ಲ. ಮೂರು ನಾಲ್ಕು ಬೇರೆ ಬೇರೆ ಶಬ್ದ ಸೇರಿಸಿ ಉದ್ದವಾಗಿ ಮಾಡಿ. ಸೆಟ್ಟಿಂಗಿನಲ್ಲಿ ವೈಫೈ ಬೀಗದ ಬಗೆ ಕಡಿಮೆಯೆಂದರೂ ಡಬ್ಲ್ಯುಪಿಎ2 ಇರಬೇಕು, ಡಬ್ಲ್ಯುಪಿಎ3 ಇದ್ದರೆ ಇನ್ನೂ ಒಳ್ಳೆಯದು. ಡಬ್ಲ್ಯುಪಿಎಸ್ ಅನ್ನುವುದು ಬೇರೆ, ಪಾಸ್‌ವರ್ಡ್ ಬದಲು ಬಟನ್ ಒತ್ತಿ ಇಲ್ಲಾ ಅಂಕಿಗಳ ಪಿನ್ ಕೊಟ್ಟು ವೈಫೈಗೆ ಸೇರುವ ಬಗೆ. ಅದನ್ನು ಬಂದ್ ಮಾಡಿ. ಅದರ ಪಿನ್ ಪದ್ಧತಿಯನ್ನು ಸುಲಭವಾಗಿ ಮುರಿಯಬಹುದು ಎಂದು 2011ರಲ್ಲೇ ಗೊತ್ತಾಗಿದೆ. ಖಣ ನೋಡಲು ಬರುವ ವ್ಯಾಪಾರಿಗಳು ಪಾಸ್‌ವರ್ಡ್ ಕೇಳುತ್ತಾರೆ, ಇಲ್ಲ ಅನ್ನಲು ಆಗುವುದಿಲ್ಲ. ಅವರಿಗಾಗಿ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿದೆವು. ಅದರಲ್ಲಿ ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರ್, ಪ್ರಿಂಟರ್ ಕಾಣುವುದಿಲ್ಲ. ಆದರೆ ಓಣಿಗೆಲ್ಲ ಪಾಸ್‌ವರ್ಡ್ ಹಂಚಬೇಡಿ. ಆ ಕನೆಕ್ಷನ್‌ನಿಂದ ಯಾರು ಏನು ಮಾಡಿದರೂ ಹೆಸರು ಇರುವುದು ನಿಮ್ಮದು.

ಕರೆಂಟ್ ಹೋದಾಗ ಕಂಬದ ಬೆಳಕು ಸಾಮಾನ್ಯವಾಗಿ ಬರುತ್ತಲೇ ಇರುತ್ತದೆ, ಮನೆಯ ಪೆಟ್ಟಿಗೆ ಆರುತ್ತದೆ. ಈ ಪೆಟ್ಟಿಗೆಗಳು ಬಹುಪಾಲು 12 ವೋಲ್ಟ್‌ನವು, ಸಣ್ಣ ಯುಪಿಎಸ್ ಸಾಕು. ಅಂಗೈ ಅಗಲದ್ದು, ಮಾದರಿ ನೋಡಿ ಎರಡು ಮೂರು ತಾಸು ಎಳೆಯುತ್ತದೆ. ಕೊಳ್ಳುವ ಮೊದಲು ಈಗಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆ್ಯಂಪ್ ಓದಿಕೊಳ್ಳಿ. ವೋಲ್ಟ್ ಅದೇ ಇರಬೇಕು, ಆ್ಯಂಪ್ ಅಷ್ಟೇ ಅಥವಾ ಜಾಸ್ತಿ ಇರಬೇಕು.

ಪ್ರಿಂಟರ್ ಮತ್ತು ಮಾಮಾನ ಖಣದ ವಿನ್ಯಾಸಗಳ ಫೋಲ್ಡರ್ ಮೇಲಿನ ಕಂಪ್ಯೂಟರ್‌ನಲ್ಲಿವೆ. ಅವನ್ನು ಮನೆಯವರಿಗೆಲ್ಲ ಸಿಗುವಂತೆ ಮಾಡಿದೆವು. ಇದಕ್ಕೆ ನೆಟ್ ಬೇಕಾಗಿಲ್ಲ ಅನ್ನುವುದನ್ನು ಸೊಸೆಗೆ ತೋರಿಸಲು ಹಸಿರು ಪಿನ್ ಕಿತ್ತೆ. ಎಲ್‌ಒಎಸ್ ಕೆಂಪಗಾಯಿತು, ನೆಟ್ ಹೋಯಿತು. ಮಗ್ಗದ ಮನೆಯಿಂದ ಮೊಬೈಲ್‌ನಲ್ಲಿ ಒತ್ತಿದ ಕಾಗದ ಮೇಲಿನ ಕೋಣೆಯಲ್ಲಿ ಪ್ರಿಂಟ್ ಆಗಿ ಬಂತು. ಮನೆಯ ಜಾಲ ಮನೆಯದು, ಇಂಟರ್ನೆಟ್ ಅದಕ್ಕೆ ಬಂದು ಸೇರುವ ಒಂದು ದಾರಿ.

ಸಂಜೆ ಹೊರಡುವ ಮುಂಚೆ ಪೆಟ್ಟಿಗೆಯ ಕೆಳಗೆ ಗೋಡೆಗೆ ಒಂದು ಕಾಗದ ಅಂಟಿಸಿದೆ. ಯಾವ ದೀಪ ಏನು ಹೇಳುತ್ತದೆ, ಮೂರು ಯಂತ್ರಗಳ ವಿಳಾಸ ಏನು, ಯಾವ ವೈರ್ ಎಲ್ಲಿಗೆ ಹೋಗುತ್ತದೆ, ಎಲ್‌ಒಎಸ್ ಕೆಂಪಗಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಅಕ್ಕ ಓದಿ, ಮಗಳ ಕೈಯಿಂದ ಸ್ಕೆಚ್ ಪೆನ್ ಇಸಿದುಕೊಂಡು ಎಲ್ಲಕ್ಕಿಂತ ಮೇಲೆ ಒಂದು ಸಾಲು ತಾನೇ ಬರೆದಳು: “ಮೊದಲ ಪ್ಲಗ್ ನೋಡ್ರಿ. ಕಸಬರಗಿ ತಾಗಿ ಬಿದ್ದಿರ್ತೈತಿ.”